ಅಪ್‌ಡೇಟ್: ‘ಲುಕ್ ಫಾರ್ವರ್ಡ್ ಟು’ ಆದ ಮೇಲೆ ‘ಹಿಯರಿಂಗ್’ ಎಂಬುದೇ ಸರಿ

ಅರ್ಜಿ ಪತ್ರದ ಕೊನೆಯ ಸಾಲಿನಲ್ಲಿ ‘ಐ ಲುಕ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು’ ಎಂದು ಬರೆಯಬಹುದೇ, ಇಲ್ಲವೇ ‘ಹಿಯರಿಂಗ್’ ಆಗಬೇಕೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ‘ಹಿಯರಿಂಗ್’ ಎಂದೇ ಬರೆದು ಪತ್ರ ಕಳುಹಿಸಿದ್ದೇನೆ.

ನಿಮ್ಮಲ್ಲೊಬ್ಬರು ಹೇಳಿಕೊಟ್ಟ ಪರೀಕ್ಷೆ ನನಗೆ ಬಹಳ ಹಿಡಿಸಿತು. ‘ಟು’ ಮುಂದಿನ ಕ್ರಿಯಾಪದವನ್ನು ತೆಗೆದು ಅಲ್ಲೊಂದು ನಾಮಪದ ಇಟ್ಟು ನೋಡಿ ಎಂದಿದ್ದರು. ‘ಐ ಲುಕ್ ಫಾರ್ವರ್ಡ್ ಟು ಯುವರ್ ರಿಪ್ಲೈ’ ಸಲೀಸಾಗಿ ನಿಲ್ಲುತ್ತದೆ. ಹಾಗಾದರೆ ಈ ‘ಟು’ ಪ್ರಿಪೊಸಿಷನ್, ಅಂದರೆ ನಾಮಪದದ ಮೊದಲು ಬಂದು ಸಂಬಂಧ ತೋರಿಸುವ ಪದ. ಅದರ ಮುಂದೆ ಬರುವ ಕ್ರಿಯಾಪದ ‘ಇಂಗ್’ ಸೇರಿಸಿಕೊಂಡು ನಾಮಪದದಂತೆ ಆಗಲೇಬೇಕು. ‘ಐ ವಾಂಟ್ ಟು ಯುವರ್ ರಿಪ್ಲೈ’ ಎಂದು ನೋಡಿ, ವಾಕ್ಯವೇ ಮುರಿದುಬೀಳುತ್ತದೆ. ಆದ್ದರಿಂದ ಅಲ್ಲಿ ‘ಟು ಹಿಯರ್’ ಸರಿ.

ಇದೇ ದಾರಿಯಲ್ಲಿ ಇನ್ನೊಂದು ಗೊಂದಲವೂ ಬಗೆಹರಿಯಿತು. ‘ಐ ಯೂಸ್ಡ್ ಟು ವರ್ಕ್’ ಎಂದರೆ ಹಿಂದೆ ಕೆಲಸ ಮಾಡುತ್ತಿದ್ದೆ. ‘ಐ ಆಮ್ ಯೂಸ್ಡ್ ಟು ವರ್ಕಿಂಗ್’ ಎಂದರೆ ಕೆಲಸ ಮಾಡಿ ರೂಢಿಯಾಗಿದೆ. ಅರ್ಜಿಯಲ್ಲಿ ಇವೆರಡು ಅದಲುಬದಲಾದರೆ ಅರ್ಥವೇ ಕೆಡುತ್ತದೆ!

ಯಾವ ರೂಪ ಸರಿ ಎಂದು ಅಂತರ್ಜಾಲ ಹುಡುಕಾಟದ ಫಲಿತಾಂಶಗಳ ಸಂಖ್ಯೆ ನೋಡಿ ತೀರ್ಮಾನಿಸಬೇಡಿ ಎಂದವರ ಮಾತೂ ನಿಜ. ತಪ್ಪು ರೂಪವೂ ಅಲ್ಲಿ ಧಾರಾಳವಾಗಿ ಸಿಗುತ್ತದೆ. ಕಲಿಯುವವರಿಗಾಗಿಯೇ ಇರುವ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ನಿಘಂಟುಗಳ ಉದಾಹರಣೆ ವಾಕ್ಯಗಳೇ ಹೆಚ್ಚು ನಂಬಿಕೆಗೆ ಅರ್ಹ. ಮುದ್ರಿತ ಪುಸ್ತಕಗಳ ಬಳಕೆಯನ್ನು ಹೋಲಿಸಲು ಗೂಗಲ್ ಬುಕ್ಸ್ ಎನ್‌ಗ್ರಾಮ್ ವ್ಯೂವರ್ ಇದೆ.

ಅಂದಹಾಗೆ, ‘ಐ ಆಮ್ ಲುಕಿಂಗ್ ಫಾರ್ವರ್ಡ್’ ಕೂಡ ತಪ್ಪಲ್ಲ, ತುಸು ಸಲಿಗೆಯ ಧಾಟಿ ಅಷ್ಟೇ. ಅರ್ಜಿಗೆ ‘ಐ ಲುಕ್ ಫಾರ್ವರ್ಡ್’ ಎಂಬುದನ್ನೇ ಉಳಿಸಿಕೊಂಡೆ.