ಟಾಪ್ ಇಳಿಸಿದ ಸ್ಪೋರ್ಟ್ಸ್ ಕಾರಿನಲ್ಲಿ ಏನು ಹಾಕಿಕೊಳ್ಳಲಿ? ಡ್ರೈವಿಂಗ್ ಕಲಿಸುವವರ ಉತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ಎರಡು ಸೀಟಿನ ಓಪನ್ ಕಾರು ತಗೊಂಡು ಮೂರು ವಾರ ಆಯಿತು. ಸೆಕೆಂಡ್ ಹ್ಯಾಂಡ್ ಎಂಎಕ್ಸ್-5. ಟಾಪ್ ಇಳಿಸಿ ಓಡಿಸಬೇಕು ಅನ್ನುವ ಆಸೆಗೇ ತಗೊಂಡಿದ್ದು. ಆದರೆ ಇಲ್ಲಿಯವರೆಗೆ ಒಂದು ಸಲವೂ ನೆಮ್ಮದಿಯಾಗಿ ಓಡಿಸಿಲ್ಲ. ಮೊದಲ ದಿನ ಕ್ಯಾಪ್ ಹಾರಿಹೋಯಿತು. ಎರಡನೇ ದಿನ ದಪ್ಪ ಜಾಕೆಟ್ ಹಾಕಿದೆ. ಸಿಗ್ನಲ್‌ನಲ್ಲಿ ನಿಂತಾಗ ಬೆವರು, ಹೈವೇಗೆ ಬಂದ ಮೇಲೆ ಕತ್ತು ಹಿಡಿದುಕೊಂಡಿತು. ಕೂದಲು ಭುಜದ ತನಕ ಇದೆ, ಅದರದ್ದು ಬೇರೆಯೇ ಗೋಳು. ನೋಡೋಕೆ ಚೆನ್ನಾಗಿರಬೇಕು ಅಂತೇನಿಲ್ಲ, ಉಪಯೋಗಕ್ಕೆ ಬರಬೇಕು. ಏನು ಹಾಕಿಕೊಳ್ಳಲಿ?

ಉತ್ತರ: ಹೊಸ ಕಾರಿನ ಖುಷಿ ನಿಮಗೆ ಬೇಗ ಸಿಗಲಿ. ಹದಿನೈದು ವರ್ಷದಿಂದ ಡ್ರೈವಿಂಗ್ ಕಲಿಸುತ್ತಿದ್ದೇನೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಓಪನ್ ಕಾರುಗಳಲ್ಲೇ. ಹೊಸಬರು ಹೆಚ್ಚಾಗಿ ಒಂದೇ ಕಡೆ ಎಡವುತ್ತಾರೆ. ಗಾಳಿ ಎದುರಿನಿಂದ ಬರುತ್ತದೆ ಅಂದುಕೊಂಡು ಬಟ್ಟೆ ಹಾಕಿಕೊಳ್ಳುತ್ತಾರೆ. ಬೈಕಿನಲ್ಲಾದರೆ ಅದು ಸರಿ. ಈ ಕಾರಿನಲ್ಲಿ ಗಾಳಿ ಬರುವುದು ಬೆನ್ನ ಹಿಂದಿನಿಂದ.

ಎದುರಿನ ಗಾಳಿ ವಿಂಡ್‌ಶೀಲ್ಡ್ ಹತ್ತಿ ನಿಮ್ಮ ತಲೆಯ ಮೇಲಿಂದ ಹಾದುಹೋಗುತ್ತದೆ. ಆಗ ನೀವು ಕೂತಿರುವ ಜಾಗದಲ್ಲಿ ಒತ್ತಡ ಕಡಿಮೆಯಾಗುತ್ತದೆ. ಅದನ್ನು ತುಂಬೋಕೆ ಗಾಳಿ ಡಿಕ್ಕಿಯ ಕಡೆಯಿಂದ ಸುತ್ತಿಕೊಂಡು ಮುಂದಕ್ಕೆ ನುಗ್ಗುತ್ತದೆ. ಅದಕ್ಕೆ ಮೊದಲು ಸಿಗುವುದು ನಿಮ್ಮ ಕತ್ತಿನ ಹಿಂಭಾಗ. ಎದೆಗೆ ಎಷ್ಟೇ ದಪ್ಪ ಜಾಕೆಟ್ ಇದ್ದರೂ ಕತ್ತು ಹಿಡಿದುಕೊಂಡಿದ್ದು ಅದಕ್ಕೇ. 2004ರ ಮರ್ಸಿಡಿಸ್ ಎಸ್‌ಎಲ್‌ಕೆ ಕಾರಿನಲ್ಲಿ ಹೆಡ್‌ರೆಸ್ಟ್ ಒಳಗಿಂದ ಕತ್ತಿಗೆ ಬಿಸಿಗಾಳಿ ಊದುವ ಏರ್‌ಸ್ಕಾರ್ಫ್ ಬಂದಿತ್ತು. ಕತ್ತು ಬೆಚ್ಚಗಿದ್ದರೆ ಇಡೀ ಮೈಗೆ ಚಳಿ ಕಡಿಮೆ ಅನ್ನಿಸುತ್ತದೆ. ಬಟ್ಟೆ ಆರಿಸುವಾಗ ಕತ್ತಿನಿಂದಲೇ ಶುರು ಮಾಡಿ.

ಕತ್ತಿಗೆ ನಾನು ಎಲ್ಲರಿಗೂ ಹೇಳುವುದು ನೆಕ್ ಗೇಟರ್. ಬೈಕ್ ಓಡಿಸುವವರು ತಲೆಯ ಮೇಲಿಂದ ಎಳೆದು ಹಾಕಿಕೊಳ್ಳುತ್ತಾರಲ್ಲ, ಆ ಬಟ್ಟೆಯ ಕೊಳವೆ. ಅದಕ್ಕೆ ಗಂಟಿಲ್ಲ, ಹಾರುವ ತುದಿಯಿಲ್ಲ. ಚಳಿ ಜಾಸ್ತಿ ಆದರೆ ಕಿವಿಯ ತನಕ ಏರಿಸಬಹುದು. ಉದ್ದನೆಯ ಸ್ಕಾರ್ಫ್ ಮಾತ್ರ ಬೇಡವೇ ಬೇಡ. ನೃತ್ಯದಲ್ಲಿ ದೊಡ್ಡ ಹೆಸರು ಮಾಡಿದ್ದ ಇಸಡೋರಾ ಡಂಕನ್ 1927ರ ಸೆಪ್ಟೆಂಬರ್ 14ರಂದು ಫ್ರಾನ್ಸಿನ ನೀಸ್ ನಗರದಲ್ಲಿ ತೆರೆದ ಕಾರಿನಲ್ಲಿ ಕೂತು ಹೊರಟರು. ಕತ್ತಿನಲ್ಲಿದ್ದ ಉದ್ದನೆಯ ರೇಷ್ಮೆ ಸ್ಕಾರ್ಫ್ ಚಕ್ರಕ್ಕೆ ಸುತ್ತಿಕೊಂಡು ಅಲ್ಲೇ ಪ್ರಾಣ ಹೋಯಿತು. ಈಗಿನ ಕಾರುಗಳಲ್ಲಿ ಚಕ್ರ ಅಷ್ಟು ಕೈಗೆಟುಕುವ ಹಾಗೆ ಇರುವುದಿಲ್ಲ. ಆದರೆ ತುದಿ ಹಾರಿ ಕಣ್ಣಿಗೆ ಬಡಿಯೋಕೆ ಚಕ್ರ ಬೇಕಾಗಿಲ್ಲ ಅಲ್ವಾ?

ಇನ್ನು ಜಾಕೆಟ್. ಒಂದು ದಪ್ಪನೆಯದರ ಬದಲು ತೆಳ್ಳಗಿನ ಎರಡು ಮೂರು ಪದರ ಹಾಕಿ. ಒಳಗೆ ಟಿ-ಶರ್ಟ್, ಅದರ ಮೇಲೆ ತುಂಬು ತೋಳಿನ ಹತ್ತಿಯದ್ದೋ ಉಣ್ಣೆಯದ್ದೋ ಒಂದು, ಎಲ್ಲಕ್ಕಿಂತ ಮೇಲೆ ಗಾಳಿ ತಡೆಯುವ ತೋಳಿಲ್ಲದ ಜಾಕೆಟ್. ಎದೆ ಬೆನ್ನು ಬೆಚ್ಚಗಿರುತ್ತದೆ, ಸ್ಟಿಯರಿಂಗ್ ತಿರುಗಿಸುವಾಗ ತೋಳಿಗೆ ಏನೂ ಅಡ್ಡ ಬರುವುದಿಲ್ಲ. ಬರೀ ಸ್ವೆಟರ್ ನಂಬಬೇಡಿ. ಮನೆಯಲ್ಲಿ ಬೆಚ್ಚಗಿರುವ ಸ್ವೆಟರ್‌ನ ಹೆಣಿಗೆಯ ತೂತುಗಳಲ್ಲಿ ಗಾಳಿ ಸಲೀಸಾಗಿ ನುಗ್ಗುತ್ತದೆ. ಹೊರಗೆ 10 ಡಿಗ್ರಿ ಇದ್ದು 60 ಕಿ.ಮೀ. ವೇಗದ ಗಾಳಿ ನೇರ ಮೈಗೆ ಬಿದ್ದರೆ 5 ಡಿಗ್ರಿ ಇದ್ದ ಹಾಗೆ ಅನ್ನಿಸುತ್ತದೆ. ಸೈಡ್ ಗಾಜು ಏರಿಸಿ, ಸೀಟಿನ ಹಿಂದೆ ವಿಂಡ್ ಡಿಫ್ಲೆಕ್ಟರ್, ಅಂದರೆ ಹಿಂದಿನಿಂದ ನುಗ್ಗುವ ಗಾಳಿ ತಡೆಯುವ ಅಡ್ಡ ಪರದೆ, ಹಾಕಿದರೆ ಅಷ್ಟು ಗಾಳಿ ಒಳಗೆ ಬರುವುದೇ ಇಲ್ಲ. ನಿಮ್ಮ ಕಾರಿನಲ್ಲಿ ಅದು ಇದೆಯಾ ಮೊದಲು ನೋಡಿ. ಹೊಸ ಜಾಕೆಟ್‌ಗಿಂತ ಅದರಿಂದ ಜಾಸ್ತಿ ಉಪಯೋಗ.

ಹತ್ತಿ, ಸ್ಪಂಜು ತುಂಬಿದ ದಪ್ಪ ಜಾಕೆಟ್ ಬೇಡ ಅನ್ನೋಕೆ ಬೆವರು ಮಾತ್ರ ಕಾರಣ ಅಲ್ಲ. ಅಪಘಾತ ಆದರೆ ಆ ತುಂಬಿದ್ದೆಲ್ಲ ಒಂದು ಕ್ಷಣದಲ್ಲಿ ಚಪ್ಪಟೆಯಾಗುತ್ತದೆ, ಬೆಲ್ಟ್ ಅಷ್ಟರಮಟ್ಟಿಗೆ ಸಡಿಲ ಇದ್ದ ಹಾಗಾಗುತ್ತದೆ. ಹಾಕಲೇಬೇಕು ಅಂದರೆ ಮುಂದೆ ಬಿಚ್ಚಿ, ಬೆಲ್ಟ್ ಜಾಕೆಟ್‌ನ ಒಳಗೆ ಎದೆಗೆ ತಾಗುವ ಹಾಗೆ ಹಾಕಿ, ಆಮೇಲೆ ಜಾಕೆಟ್ ಮುಚ್ಚಿಕೊಳ್ಳಿ. ಉದ್ದ ಸೊಂಟದ ತನಕ ಇದ್ದರೆ ಸಾಕು. ಅದಕ್ಕಿಂತ ಉದ್ದವಾದರೆ ತೊಡೆಯ ಮೇಲೆ ಮುದ್ದೆಯಾಗಿ ಬೆಲ್ಟ್ ಮೇಲಕ್ಕೆ ಬಂದುಬಿಡುತ್ತದೆ.

ಕೂದಲಿನ ಬಗ್ಗೆ ಒಂದು ನಿಜ ಘಟನೆ ಹೇಳುತ್ತೇನೆ. ಒಬ್ಬ ವಿದ್ಯಾರ್ಥಿನಿ ಕೂದಲು ಬಿಟ್ಟುಕೊಂಡು ಬಂದಿದ್ದಳು. ಗಾಳಿಗೆ ಹಿಂದಕ್ಕೆ ಹೋಗುತ್ತದೆ ಬಿಡಿ ಮೇಡಂ ಅಂದಳು. ಹೊರಟ ಮೇಲೆ ಜಾಸ್ತಿ ಮಾತಾಡಿದರೆ ಗಾಬರಿಯಾಗುತ್ತಾಳೆ ಅಂತ ನಾನೂ ಸುಮ್ನೆ ಇದ್ದೆ. ಅದು ನನ್ನ ತಪ್ಪು. 70 ಕಿ.ಮೀ. ಮುಟ್ಟುವಷ್ಟರಲ್ಲಿ ಕೂದಲೆಲ್ಲ ಹಿಂದಿನಿಂದ ಮುಂದಕ್ಕೆ ಬಂದು ಮುಖಕ್ಕೆ ಮೆತ್ತಿಕೊಂಡಿತು. ಒಂದು ಎಳೆ ಕನ್ನಡಕದ ಒಳಗೆ, ಇನ್ನೊಂದು ಬಾಯಿಯೊಳಗೆ. ಅವಳು ಎರಡೂ ಕೈ ಎತ್ತಿಬಿಟ್ಟಳು. ಸ್ಟಿಯರಿಂಗ್ ನಾನು ಹಿಡಿದುಕೊಂಡೆ. ಆ ದಿನದಿಂದ, ಕೂದಲು ಕಟ್ಟದೆ ನನ್ನ ಪಕ್ಕ ಯಾರೂ ಕಾರು ಸ್ಟಾರ್ಟ್ ಮಾಡಿಲ್ಲ.

ಭುಜದ ತನಕ ಇದ್ದರೆ ಕತ್ತಿನ ಬುಡದಲ್ಲೇ ಬಿಗಿಯಾಗಿ ಜಡೆ ಹಾಕಿ, ತುದಿಯನ್ನು ಕಾಲರ್ ಒಳಗೆ ಸೇರಿಸಿ. ನೆತ್ತಿಯ ಮೇಲೆ ಕಟ್ಟಿದ ಜುಟ್ಟು ಹೆಡ್‌ರೆಸ್ಟ್‌ಗೆ ಒತ್ತಿ ತಲೆಯನ್ನು ಮುಂದಕ್ಕೆ ತಳ್ಳುತ್ತದೆ. ಹಣೆಯ ಪುಟ್ಟ ಕೂದಲಿಗೆ ಅಗಲವಾದ ಹೇರ್‌ಬ್ಯಾಂಡ್ ಸಾಕು. ಕ್ಯಾಪ್ ಬೇಕೇ ಬೇಕು ಅಂದರೆ ತಲೆಗೆ ಅಂಟಿಕೊಂಡಿರುವ ಫ್ಲ್ಯಾಟ್ ಕ್ಯಾಪ್ ತಗೊಳ್ಳಿ, ಅದರ ಅಂಚು ಚಿಕ್ಕದು, ಗಾಳಿಗೆ ಹಿಡಿಯೋಕೆ ಏನೂ ಸಿಗುವುದಿಲ್ಲ. ಕ್ರಿಕೆಟ್ ಆಡುವವರು ಹಾಕುವಂಥ ಅಗಲ ಟೋಪಿಗೆ ಗದ್ದದ ಕೆಳಗೆ ದಾರ ಇದ್ದರೂ ಬೇಡ, ಅದು ಹಿಂದಕ್ಕೆ ಹಾರಿದಾಗ ಆ ದಾರ ಕತ್ತನ್ನೇ ಎಳೆಯುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಎಲ್ಲ ಹಾಕಿಕೊಂಡು ಟೇಬಲ್ ಫ್ಯಾನ್ ಮುಂದೆ ಸ್ಟೂಲ್ ಮೇಲೆ ಕೂತುಕೊಳ್ಳಿ. ಮುಖ ಮಾಡಿ ಅಲ್ಲ, ಬೆನ್ನು ಮಾಡಿ. ಫುಲ್ ಸ್ಪೀಡ್ ಇಟ್ಟು ಕನ್ನಡಿ ಹಿಡಿದು ನೋಡಿ. ಫ್ಯಾನಿಗೇ ಅಲ್ಲಾಡುವುದು ಏನಿದೆಯೋ ಅದು ರಸ್ತೆಯಲ್ಲಿ ಹಾರುತ್ತದೆ.

ಇನ್ನೊಬ್ಬರ ಪ್ರಶ್ನೆ: ಮೇಡಂ, ನನಗೂ ಇಂಥದ್ದೇ ಕಾರಿದೆ. ಕನ್ನಡಕ ಹಾಕುವವನು. ಬಿಸಿಲಿಗೆ ತಾನೇ ಕಪ್ಪಾಗುವ ಗ್ಲಾಸ್ ಹಾಕಿಸಿದರೆ ಕೂಲಿಂಗ್ ಗ್ಲಾಸ್ ಬೇರೆ ಬೇಡ ಅಲ್ವಾ?

ಉತ್ತರ: ನೆಚ್ಚಿಕೊಳ್ಳೋಕೆ ಆಗುವುದಿಲ್ಲ ಸರ್. ಆ ಗ್ಲಾಸ್ ಹೆಚ್ಚಾಗಿ ಕಪ್ಪಾಗುವುದು ಬಿಸಿಲಿನ ಯುವಿ ಕಿರಣದಿಂದ. ವಿಂಡ್‌ಶೀಲ್ಡ್ ಆ ಕಿರಣವನ್ನೇ ತಡೆದುಬಿಡುತ್ತದೆ. ಸೂರ್ಯ ನೆತ್ತಿಯ ಮೇಲಿದ್ದಾಗ ಚೆನ್ನಾಗಿ ಕಪ್ಪಾಗಬಹುದು, ಸಂಜೆ ಎದುರಿಗೆ ಬಂದಾಗ ಅಷ್ಟು ಆಗುವುದಿಲ್ಲ. ಕಣ್ಣು ಕುಕ್ಕುವುದು ಆಗಲೇ. ನಿಮ್ಮ ನಂಬರಿಗೇ ಒಂದು ಕೂಲಿಂಗ್ ಗ್ಲಾಸ್ ಬೇರೆ ಮಾಡಿಸಿಬಿಡಿ. ಯುವಿ 400 ಅಂತ ಇರಲಿ. ಬಣ್ಣದ ಗಾಢತೆಗೆ 0ಯಿಂದ 4ರ ತನಕ ವರ್ಗ ಇರುತ್ತದೆ. ಬಿಸಿಲಿಗೆ 3ನೇ ವರ್ಗ ಸಾಕು, ಅದು 8ರಿಂದ 18 ಶೇಕಡಾ ಬೆಳಕನ್ನು ಒಳಗೆ ಬಿಡುತ್ತದೆ. 4ನೇ ವರ್ಗದ್ದು ಹಾಕಿಕೊಂಡು ಗಾಡಿ ಓಡಿಸುವ ಹಾಗೇ ಇಲ್ಲ, ಅಷ್ಟು ಕಪ್ಪು.

ಪೋಲರೈಸ್ಡ್ ಗ್ಲಾಸ್ ರಸ್ತೆಯ ಹೊಳಪನ್ನು ಚೆನ್ನಾಗಿ ತಗ್ಗಿಸುತ್ತದೆ, ಆದರೆ ಡ್ಯಾಶ್‌ಬೋರ್ಡಿನ ಕೆಲವು ಸ್ಕ್ರೀನ್ ಅದರಲ್ಲಿ ಕಪ್ಪಾಗಿ ಕಾಣುತ್ತದೆ. ಕೊಳ್ಳುವ ಮುಂಚೆ ನಿಮ್ಮ ಕಾರಿನಲ್ಲೇ ಕೂತು ಹಾಕಿ ನೋಡಿ, ತಲೆ ಸ್ವಲ್ಪ ಆ ಕಡೆ ಈ ಕಡೆ ವಾಲಿಸಿಯೂ ನೋಡಿ. ಇನ್ನೊಂದು, ಕಿವಿಯ ಕಡೆ ಹೋಗುವ ಕಡ್ಡಿ ಸಣ್ಣಗಿರಲಿ. ಅಗಲ ಕಡ್ಡಿ ಪಕ್ಕದ ನೋಟವನ್ನೇ ಮುಚ್ಚುತ್ತದೆ. ಪಕ್ಕದಲ್ಲಿ ಬರುವ ಬೈಕ್ ಕಾಣದೆ ಹೋಗುವುದು ಹೀಗೆ.

ಮತ್ತೊಬ್ಬರ ಪ್ರಶ್ನೆ: ಶೂ ಬಗ್ಗೆ ಹೇಳಲೇ ಇಲ್ಲ ಮೇಡಂ. ರನ್ನಿಂಗ್ ಶೂ ನಡೆಯುತ್ತದಾ? ಗ್ಲೌಸ್ ಬೇಕಾ?

ಉತ್ತರ: ರನ್ನಿಂಗ್ ಶೂ ಮೆತ್ತಗೆ, ಅದೇ ಅದರ ತೊಂದರೆ. ಓಡುವಾಗ ಪೆಟ್ಟು ನುಂಗಲಿ ಅಂತ ದಪ್ಪ ಸೋಲ್ ಇಟ್ಟಿರುತ್ತಾರೆ. ಪೆಡಲ್ ಮೇಲೆ ಅದೇ ಸೋಲ್ ನಿಮ್ಮ ಕಾಲಿಗೆ ಬರಬೇಕಾದ ಸುದ್ದಿಯನ್ನೂ ನುಂಗುತ್ತದೆ. ಕ್ಲಚ್ ಎಲ್ಲಿ ಹಿಡಿಯಿತು ಅಂತ ಪಾದಕ್ಕೆ ಗೊತ್ತಾಗುವುದಿಲ್ಲ. ಸ್ಪೋರ್ಟ್ಸ್ ಕಾರಿನಲ್ಲಿ ಪೆಡಲ್‌ಗಳು ಒತ್ತೊತ್ತಾಗಿ ಇರುತ್ತವೆ, ಶೂ ಬದಿಗೆ ಅಗಲ ಇದ್ದರೆ ಬ್ರೇಕ್ ಒತ್ತುವಾಗ ಆಕ್ಸಿಲರೇಟರಿಗೂ ತಾಗುತ್ತದೆ. ಸೋಲ್ ತೆಳ್ಳಗೆ, ಸುಮಾರು 10 ಮಿಲಿಮೀಟರ್ ಒಳಗೆ ಇರಲಿ. ಅಗಲ ಕಡಿಮೆ ಇರಲಿ, ಹಿಮ್ಮಡಿ ಬಿಗಿಯಾಗಿ ಹಿಡಿದಿರಲಿ. ಅಡಿಯಲ್ಲಿ ಸಣ್ಣ ಸಣ್ಣ ರಬ್ಬರ್ ಗುಂಡುಗಳಿರುವ ಮೊಕಾಸಿನ್ ನೋಡಿರುತ್ತೀರಿ. 1960ರ ದಶಕದಲ್ಲಿ ಇಟಲಿಯಲ್ಲಿ ಅದನ್ನು ಕಾರು ಓಡಿಸೋಕೆ ಅಂತಲೇ ಮಾಡಿದ್ದು. ಲೇಸ್ ಇದ್ದರೆ ಗಂಟು ಒಳಗೆ ಸೇರಿಸಿ. ಚಪ್ಪಲಿ ಬೇಡ, ಬ್ರೇಕ್ ಕೆಳಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಗ್ಲೌಸ್ ಬೇಕೇ ಬೇಕು ಅಂತಿಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಸ್ಟಿಯರಿಂಗ್ ಮುಟ್ಟೋಕೆ ಆಗದಷ್ಟು ಸುಡುತ್ತದೆ, ಚಳಿಯಲ್ಲಿ ಬೆರಳು ಮರಗಟ್ಟುತ್ತದೆ. ಆಗ ಒಳಗೆ ಅಸ್ತರಿ ಇಲ್ಲದ ತೆಳ್ಳನೆಯ ಚರ್ಮದ ಗ್ಲೌಸ್ ಚೆನ್ನ. ಉಣ್ಣೆಯದ್ದು ಜಾರುತ್ತದೆ.

ಇನ್ನೊಂದು ಪ್ರಶ್ನೆ: ಬೇಸಿಗೆಯಲ್ಲಾದರೆ ಟಿ-ಶರ್ಟ್, ಶಾರ್ಟ್ಸ್ ಸಾಕಲ್ವಾ? ಗಾಳಿ ತಂಪಾಗೇ ಇರುತ್ತದಲ್ಲ.

ಉತ್ತರ: ಆ ತಂಪೇ ಮೋಸ ಮಾಡುವುದು. ಗಾಳಿ ಬೆವರನ್ನು ಒಣಗಿಸುತ್ತಿರುತ್ತದೆ, ಚರ್ಮ ಸುಡುತ್ತಿದೆ ಅಂತ ಗೊತ್ತೇ ಆಗುವುದಿಲ್ಲ. ರಾತ್ರಿ ಸ್ನಾನದ ನೀರು ಬಿದ್ದಾಗ ಉರಿ ಶುರುವಾಗುತ್ತದೆ. ಟೋಪಿ ಇಲ್ಲದವರಿಗೆ ಬೈತಲೆ, ಕಿವಿಯ ಮೇಲ್ತುದಿ, ಕಿಟಕಿ ಕಡೆಯ ತೋಳು, ತೊಡೆಯ ಮೇಲ್ಭಾಗ ಮೊದಲು ಕೆಂಪಾಗುತ್ತವೆ. ತೆಳ್ಳನೆಯ ತುಂಬು ತೋಳಿನ ಹತ್ತಿ ಅಂಗಿ ಹಾಕಿ. ಕಾಲರ್ ತುದಿಗೆ ಗುಂಡಿ ಇರುವುದನ್ನೇ ಆರಿಸಿ, ಇಲ್ಲದಿದ್ದರೆ ಅದು ದಾರಿಯುದ್ದಕ್ಕೂ ದವಡೆಗೆ ಪಟಪಟ ಬಡಿಯುತ್ತಿರುತ್ತದೆ. ತೆರೆದ ಕಡೆಗೆಲ್ಲ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಜಾಸ್ತಿಯ ಸನ್‌ಸ್ಕ್ರೀನ್ ಹಚ್ಚಿ, ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ಮತ್ತೆ ಹಚ್ಚಿ. ಶಾರ್ಟ್ಸ್ ಬೇಡ ಅನ್ನೋಕೆ ಇನ್ನೊಂದು ಕಾರಣ ಬಿಸಿಲಿಗೆ ಕಾದ ಲೆದರ್ ಸೀಟು ಮತ್ತು ಬೆಲ್ಟಿನ ಲೋಹದ ಬಕಲ್. ಸೀಟು ತಿಳಿ ಬಣ್ಣದ್ದಾದರೆ ಹೊಸ ಕಡು ನೀಲಿ ಜೀನ್ಸ್ ಕೂಡ ಬೇಡ, ಬಣ್ಣ ಹತ್ತುತ್ತದೆ.

ಮೊದಲು ಕೇಳಿದವರು: ಮೇಡಂ, ಫ್ಯಾನ್ ಪರೀಕ್ಷೆ ಮಾಡಿದೆ. ಡಿಫ್ಲೆಕ್ಟರ್ ಡಿಕ್ಕಿಯಲ್ಲೇ ಮಡಚಿ ಬಿದ್ದಿತ್ತು, ಅದನ್ನೂ ಹಾಕಿದೆ. ಜಡೆ, ಗೇಟರ್ ಎರಡೂ ಅಲ್ಲಾಡಲಿಲ್ಲ. ಅಲ್ಲಾಡಿದ್ದು ಜಾಕೆಟ್‌ನ ಹುಡ್ ಒಂದೇ, ಬೆನ್ನಿಂದ ಎದ್ದು ತಲೆಗೆ ಬಡಿಯುತ್ತಿತ್ತು. ಕತ್ತಿನ ಹತ್ತಿರ ಎರಡು ದಾರ ಬೇರೆ ನೇತಾಡುತ್ತವೆ.

ಉತ್ತರ: ಹುಡ್ ಗಾಳಿ ತುಂಬಿಕೊಂಡು ಚೀಲದ ಹಾಗೆ ಉಬ್ಬುತ್ತದೆ, ಹಿಂದಿನ ಗಾಳಿಗೆ ನೇರ ಬಾಯಿ ತೆರೆದ ಹಾಗೆ. ಜಿಪ್ ಇದ್ದರೆ ಬಿಚ್ಚಿ ಮನೆಯಲ್ಲೇ ಇಡಿ. ಇಲ್ಲದಿದ್ದರೆ ಒಳಕ್ಕೆ ಸುರುಳಿ ಸುತ್ತಿ ಕಾಲರ್ ಒಳಗೆ ತುರುಕಿ, ಅದರ ಮೇಲೆ ಗೇಟರ್ ಎಳೆದುಕೊಳ್ಳಿ. ದಾರ ಎರಡನ್ನೂ ಪೂರ್ತಿ ಎಳೆದು ತೆಗೆದುಬಿಡಿ. ಒಂದು ತುದಿಗೆ ಸೇಫ್ಟಿ ಪಿನ್ ಹಾಕಿ ಇಟ್ಟುಕೊಂಡರೆ, ಆಮೇಲೆ ಬೇಕಾದಾಗ ವಾಪಸ್ ಪೋಣಿಸೋಕೆ ಸುಲಭ.