ಬೆಳ್ಳಿ ತಗಡಿನಲ್ಲಿ ಕನ್ನಡದ ಹೆಸರು ಕತ್ತರಿಸಿ ಪದಕ ಮಾಡುವುದು ಹೇಗೆ?

ಹಾಸನದ ಚಿಕ್ಕಮ್ಮ ಕೇಳಿದ್ದು:

ಅಕ್ಕನ ಮಗಳು ಪಿಯುಸಿ ಮುಗಿಸಿ ಹಾಸ್ಟೆಲ್‌ಗೆ ಹೊರಟಿದ್ದಾಳೆ. ಮನೆಯಲ್ಲಿ ಎಲ್ಲರೂ ಅವಳನ್ನು ಬಂಗಾರಿ ಎಂದೇ ಕರೆಯುವುದು. ಆ ಹೆಸರಿನ ಬೆಳ್ಳಿ ಪದಕವನ್ನು ಕೈಯಾರೆ ಮಾಡಿ ಕೊಡಬೇಕೆಂಬ ಆಸೆ ನನ್ನದು. ಅಂಗಡಿಗಳಲ್ಲಿ ಇಂಗ್ಲಿಷ್ ಅಕ್ಷರದ ಮಾದರಿಗಳನ್ನೇ ತೋರಿಸುತ್ತಾರೆ. ಬೆಸುಗೆ ಹಾಕಿ ಅಭ್ಯಾಸವಿಲ್ಲ. ಹೊಲಿಗೆ, ಕಸೂತಿಯಲ್ಲಿ ಕೈ ಪಳಗಿದೆ. ಎರಡು ತಿಂಗಳು ಸಮಯವಿದೆ. ಯಾವ ಬೆಳ್ಳಿ ಕೊಳ್ಳಲಿ, ಎಲ್ಲಿಂದ ಶುರು ಮಾಡಲಿ?

ಪತ್ತಾರರ ಮಗಳು:

ಕಸೂತಿ ಬಲ್ಲವರಿಗೆ ತಗಡು ಕತ್ತರಿಸುವ ಸಣ್ಣ ಗರಗಸ ಬೇಗ ಒಲಿಯುತ್ತದೆ, ಧೈರ್ಯವಾಗಿ ಹಿಡಿಯಿರಿ. ನನ್ನ ತಂದೆ ಅಕ್ಕಸಾಲಿಗರು, ನಾನೂ ಇದೇ ಕೆಲಸದಲ್ಲಿದ್ದೇನೆ. ಮೊದಲ ಮಾತು: ಈ ಪದಕಕ್ಕೆ ಬೆಂಕಿಯೇ ಬೇಡ. ತಗಡಿನಲ್ಲಿ ಹೆಸರು ಕತ್ತರಿಸಿ, ಸರಕ್ಕೆ ಬೇಕಾದ ತೂತನ್ನೂ ಅದರಲ್ಲೇ ಕೊರೆದರೆ ಬೆಸುಗೆಯ ಮಾತೇ ಬರುವುದಿಲ್ಲ.

925 ಬೆಳ್ಳಿಯ ತಗಡು ಕೇಳಿ. ಸಾವಿರ ಪಾಲಿನಲ್ಲಿ 925 ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಅಪ್ಪಟ ಬೆಳ್ಳಿ ಮೆದು, ಸಣ್ಣ ಎಳೆಗಳು ಬಾಗಿಬಿಡುತ್ತವೆ. ಒಂದು ಮಿ.ಮೀ. ದಪ್ಪದ, 4 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ತುಂಡು ಎಂಟು ಗ್ರಾಂಗಿಂತ ತುಸು ಹೆಚ್ಚು ತೂಗುತ್ತದೆ. ಬೆಂಗಳೂರಿಗೆ ಬರುವುದಾದರೆ ಅವೆನ್ಯೂ ರಸ್ತೆ, ನಗರ್ತಪೇಟೆಯ ಕಡೆ ವಿಚಾರಿಸಿ. ಅಷ್ಟೇ ದಪ್ಪದ ತಾಮ್ರದ ತಗಡನ್ನೂ ತನ್ನಿ. ಮೊದಲು ಅದರಲ್ಲಿ ಕೈ ಕುದುರಲಿ.

ನಿಜವಾದ ಕೆಲಸವಿರುವುದು ಅಕ್ಷರ ಬರೆಯುವುದರಲ್ಲಿ. ನಮ್ಮ ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ‘ಬಂಗಾರಿ’ಯ ಸೊನ್ನೆ ಯಾವುದಕ್ಕೂ ಅಂಟಿಕೊಂಡಿಲ್ಲ, ಕತ್ತರಿಸಿದ ಕೂಡಲೇ ಉದುರಿಹೋಗುತ್ತದೆ. ಆದ್ದರಿಂದ ಸೊನ್ನೆಯನ್ನು ದೊಡ್ಡದಾಗಿ ಬರೆದು, ಒಂದು ಬದಿ ‘ಬ’ಗೂ ಇನ್ನೊಂದು ಬದಿ ‘ಗಾ’ಗೂ ತಾಗಿಸಿ. ‘ಗಾ’ದ ದೀರ್ಘವನ್ನು ‘ರಿ’ಯ ದುಂಡಿಗೆ ಆನಿಸಿ. ಕೂಡುವ ಜಾಗ ಒಂದೂವರೆ ಮಿ.ಮೀ. ಆದರೂ ಇರಲಿ. ಅಡಿಯಲ್ಲಿ ಪಟ್ಟಿ ಕೊಟ್ಟು ಅಕ್ಷರಗಳನ್ನು ಅದರ ಮೇಲೆ ಕೂರಿಸುವವರೂ ಇದ್ದಾರೆ. ಗಟ್ಟಿಯೇನೋ ಹೌದು, ಆದರೆ ಕನ್ನಡದ ದುಂಡನೆಯ ಚೆಲುವೆಲ್ಲ ಆ ಪಟ್ಟಿಯಲ್ಲಿ ಮುಚ್ಚಿಹೋಗುತ್ತದೆ, ನನಗದು ಒಪ್ಪಿಗೆಯಿಲ್ಲ.

ಬರೆದ ಕಾಗದವನ್ನು ತಗಡಿಗೆ ಅಂಟಿಸಿ. ಸೊನ್ನೆಯ ಒಳಗೆ, ‘ರಿ’ಯ ಒಳಗೆ ಮೊದಲು ತೂತು ಕೊರೆದು, ಗರಗಸದ ಅಲಗನ್ನು ಅದರೊಳಗೆ ತೂರಿಸಿ ಚೌಕಟ್ಟಿಗೆ ಬಿಗಿಯಿರಿ. 3/0 ಎಂಬ ಅಳತೆಯ ತೆಳು ಅಲಗು ಸಾಕು. ಹಲ್ಲುಗಳು ಹಿಡಿಯ ಕಡೆಗೆ ಇಳಿಮುಖವಾಗಿರಬೇಕು, ಅಲಗು ಕತ್ತರಿಸುವುದು ಕೆಳಕ್ಕೆ ಎಳೆದಾಗ. ತಿರುವು ಬಂದಾಗ, ಹೊಲಿಗೆ ಯಂತ್ರದಡಿ ಬಟ್ಟೆ ತಿರುಗಿಸುವಂತೆ, ತಗಡನ್ನೇ ತಿರುಗಿಸಿ. ಅಲಗಿಗೆ ಆಗಾಗ ಮೇಣ ಸವರಿ. ಮುರಿಯುವುದು ಸಹಜ, ಒಂದು ಡಜನ್ ಇಟ್ಟುಕೊಳ್ಳಿ. ಮಡಿಲಲ್ಲಿ ಬಟ್ಟೆ ಹಾಸಿ ಬೆಳ್ಳಿಪುಡಿಯನ್ನು ಜೋಪಾನ ಮಾಡಿ.

ಆಮೇಲೆ ಸಣ್ಣ ಅರದಿಂದ ಅಂಚು ಉಜ್ಜಿ, 400, 800, 1200ರ ಎಮರಿ ಕಾಗದ (ಸಂಖ್ಯೆ ಹೆಚ್ಚಿದಷ್ಟೂ ನಯ) ಒಂದಾದ ಮೇಲೊಂದು ಹಿಡಿಯಿರಿ. ಕೊನೆಗೆ ಅಂಟವಾಳದ ನೊರೆಯಲ್ಲಿ ತೊಳೆದರೆ ಬೆಳ್ಳಿ ಬೆಳಗುತ್ತದೆ.

ಮೈಸೂರು ಕುಲುಮೆ:

ಬೆಳ್ಳಿ ಜೇಡಿಯನ್ನೂ ನೋಡಬಹುದಲ್ಲವೇ? ಬೆಳ್ಳಿಯ ನುಣ್ಣನೆಯ ಪುಡಿಗೆ ಅಂಟು, ನೀರು ಕಲಸಿದ ಈ ಮುದ್ದೆ ಹುಟ್ಟಿದ್ದು ಜಪಾನಿನಲ್ಲಿ. ಬೇಕಾದ ಆಕಾರ ಮಾಡಿ, ಒಣಗಿಸಿ ಸುಟ್ಟರೆ ಅಂಟು ಉರಿದು ಬೆಳ್ಳಿಯಷ್ಟೇ ಉಳಿಯುತ್ತದೆ. ಕೆಲವು ಬಗೆಗಳಿಗೆ 650 ಡಿಗ್ರಿಯಲ್ಲಿ ಅರ್ಧ ಗಂಟೆ ಸಾಕು.

ಪತ್ತಾರರ ಮಗಳು:

ಎಲೆಯ ಅಚ್ಚು, ಮಗುವಿನ ಬೆರಳಿನ ಗುರುತು ಮೂಡಿಸಲು ಅದು ಬಹಳ ಚೆನ್ನ. ಆದರೆ ಸುಟ್ಟಾಗ ಸುಮಾರು ಹತ್ತನೇ ಒಂದು ಪಾಲು ಕುಗ್ಗುತ್ತದೆ, ತಗಡಿನಷ್ಟು ಗಟ್ಟಿಯೂ ಅಲ್ಲ. ಹಾಸ್ಟೆಲ್ ಹುಡುಗಿ ದಿನವೂ ಹಾಕಿಕೊಳ್ಳುವ, ಸಣ್ಣ ಎಳೆಗಳ ಪದಕಕ್ಕೆ ನಾನು ತಗಡನ್ನೇ ಹೇಳುತ್ತೇನೆ.

ಹಾಸನದ ಚಿಕ್ಕಮ್ಮ:

ತುಂಬಾ ಉಪಕಾರವಾಯಿತು ಮೇಡಂ. ಹಿಂಬದಿಯಲ್ಲಿ ಅವಳು ಹುಟ್ಟಿದ ವರ್ಷವನ್ನೂ ಹಾಕಬಹುದೇ? ಅಂಕಿಗಳು ಕಪ್ಪಗೆ ಎದ್ದು ಕಾಣಬೇಕು.

ಪತ್ತಾರರ ಮಗಳು:

ಖಂಡಿತ ಹಾಕಿ. ‘ಗಾ’ದ ಎಳೆಯನ್ನು ಮೂರು ಮಿ.ಮೀ. ಅಗಲ ಬಿಟ್ಟರೆ ಸುತ್ತಿಗೆಯಿಂದ ಹೊಡೆದು ಮೂಡಿಸುವ ಒಂದೂವರೆ ಮಿ.ಮೀ. ಅಂಕಿಯ ಅಚ್ಚುಗಳು ಕೂರುತ್ತವೆ. ಕಪ್ಪಾಗಿಸಲು ಬೇಯಿಸಿದ ಮೊಟ್ಟೆಯನ್ನು ಬಿಸಿಯಿರುವಾಗಲೇ ಪುಡಿಮಾಡಿ, ಪದಕಕ್ಕೆ ತಾಗದಂತೆ ಅದರ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಕೆಲವು ಗಂಟೆ ಇಡಿ. ಮೊಟ್ಟೆಯ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಮೇಲ್ಮೈಯನ್ನು 1200ರ ಕಾಗದದಿಂದ ಉಜ್ಜಿದರೆ ಕಪ್ಪು ಅಂಕಿಯ ಗುಳಿಗಳಲ್ಲಷ್ಟೇ ಉಳಿಯುತ್ತದೆ. ಅಚ್ಚು ಹೊಡೆಯುವುದನ್ನು ಮಾತ್ರ ಗರಗಸ ಹಿಡಿಯುವ ಮೊದಲೇ ಮುಗಿಸಿ. ಕತ್ತರಿಸಿದ ಮೇಲೆ ಸುತ್ತಿಗೆ ಏಟು ಬಿದ್ದರೆ ಅಕ್ಷರಗಳ ಕೂಡುಗಳು ಬಾಗುತ್ತವೆ.