ಅಮೋಸ್‌ನಿಂದ ಲವಾನ್‌ಗೆ ಬಂದಿದೀನಿ, ಸಿಂಟ್ಯಾಕ್ಸ್ ಎಲ್ಲಿಂದ ಶುರು ಮಾಡ್ಲಿ?

ಸಹ್ಯಾದ್ರಿ_ಓದುಗಿ:

ಎಲ್ರಿಗೂ ನಮಸ್ಕಾರ. ಕಾಮರ್ಸ್‌ನಲ್ಲಿ ಪಿಎಚ್‌ಡಿ ಮಾಡ್ತಿದೀನಿ, ನಾಲ್ಕನೇ ವರ್ಷ. ಪ್ರೈವೇಟ್ ಸ್ಕೂಲ್ ಟೀಚರ್ಸ್‌ಗೆ ಕೆಲಸದ ಒತ್ತಡ, ಕೆಲಸದ ತೃಪ್ತಿ, ಕೆಲಸ ಬಿಡೋ ಯೋಚನೆ, ಈ ಮೂರಕ್ಕೂ ಏನ್ ಸಂಬಂಧ ಅಂತ ನೋಡ್ತಿದೀನಿ. ಒತ್ತಡಕ್ಕೆ 4 ಪ್ರಶ್ನೆ, ತೃಪ್ತಿಗೆ 5, ಬಿಡೋ ಯೋಚನೆಗೆ 3, ಎಲ್ಲಾ ಐದು ಪಾಯಿಂಟ್ ಲೈಕರ್ಟ್, ಅಂದ್ರೆ 1ರಿಂದ 5ರೊಳಗೆ ಒಂದಕ್ಕೆ ಟಿಕ್ ಹಾಕೋದು. ಇಷ್ಟು ದಿನ ಅಮೋಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಮೌಸ್ ಹಿಡ್ದು ಗೋಲ, ಚೌಕ, ಬಾಣ ಎಳ್ಕೊಂಡು ಹೆಂಗೋ ಮಾಡ್ತಿದ್ದೆ. ಈಗ ಲ್ಯಾಬಲ್ಲಿ ಅದರ ಲೈಸೆನ್ಸ್ ಮುಗ್ದಿದೆ, ಮತ್ತೆ ತಗೋಳೋ ತರ ಕಾಣ್ತಿಲ್ಲ. ಗೈಡ್ ಆರ್ ಅನ್ನೋ ಸ್ಟ್ಯಾಟಿಸ್ಟಿಕ್ಸ್ ಸಾಫ್ಟ್‌ವೇರ್‌ನಲ್ಲಿ ಲವಾನ್ ಅನ್ನೋ ಪ್ಯಾಕೇಜ್ ಫ್ರೀ ಇದೆ ಅದ್ರಲ್ಲಿ ಮಾಡಮ್ಮ ಅಂದ್ರು. ಇನ್‌ಸ್ಟಾಲ್ ಆಯ್ತು, ಆದ್ರೆ ಈ =~, ~, ~~ ನೋಡಿದ್ರೆ ತಲೆ ಸುತ್ತುತ್ತೆ. ಬೇರೆಯವ್ರ ಕೋಡ್ ವರ್ಡ್ ಫೈಲಿಂದ ಕಾಪಿ ಮಾಡಿ ಹಾಕ್ದೆ, ಮೊದಲ್ನೇ ಲೈನಲ್ಲೇ ಎರರ್. ನಾನು ಕೋಡಿಂಗ್ ಕಲ್ತವಳಲ್ಲ. ಯಾವ ಕ್ರಮದಲ್ಲಿ ಕಲೀಬೇಕು ಅಂತ ಯಾರಾದ್ರೂ ನಿಧಾನಕ್ಕೆ ಹೇಳಿ ಪ್ಲೀಸ್.

ಕೂಡು_ಕಳೆ:

ಮೇಡಂ, ಅಮೋಸ್‌ನಲ್ಲಿ ಚಿತ್ರ ಬರ್ದು ಗೊತ್ತಿದೆ ಅಂದ್ರೆ ಅರ್ಧ ಕೆಲ್ಸ ಆಗಿದೆ ಅಂತಲೇ ಲೆಕ್ಕ, ಆ ಬಾಣಗಳನ್ನೇ ಈಗ ಸಾಲಾಗಿ ಬರೀಬೇಕು ಅಷ್ಟೆ. ಮೊದ್ಲು ಆ ಎರರ್ ವಿಷ್ಯ. ವರ್ಡ್‌ನಲ್ಲಿ ಕೊಟೇಶನ್ ಮಾರ್ಕ್ ತಾನಾಗೇ ಬಾಗಿದ ಮಾರ್ಕ್ ಆಗುತ್ತೆ, ಆರ್‌ಗೆ ನೆಟ್ಟಗಿರೋ ಮಾರ್ಕ್ ಮಾತ್ರ ಗೊತ್ತಾಗೋದು. ಮೊದಲ್ನೇ ಲೈನಲ್ಲೇ ನಿಂತಿದೆ ಅಂದ್ರೆ ಬಹುಶಃ ಇದೇ. ಆ ಮಾರ್ಕ್‌ಗಳನ್ನ ಅಳಿಸಿ ಆರ್‌ಸ್ಟುಡಿಯೋ ಒಳಗೇ ಕೈಯಾರೆ ಟೈಪ್ ಮಾಡಿ. ಆ ~ ಚಿಹ್ನೆ ಎಸ್ಕೇಪ್ ಕೀ ಕೆಳಗೆ, 1ರ ಎಡಗಡೆ ಇರುತ್ತೆ, ಶಿಫ್ಟ್ ಜೊತೆ ಒತ್ಬೇಕು.

ಈಗ ನಿಮ್ಮ ಮಾಡೆಲ್‌ಗೇ ಬರೋಣ. ಇಲ್ಲಿ ಓದೋಕೆ ಸುಲಭ ಆಗ್ಲಿ ಅಂತ ಹೆಸರು ಕನ್ನಡದಲ್ಲಿ ಹಾಕಿದೀನಿ, ನಿಮ್ಮ ಫೈಲಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಇರ್ಲಿ.

ಒತ್ತಡ =~ ಒ1 + ಒ2 + ಒ3 + ಒ4
ತೃಪ್ತಿ =~ ತೃ1 + ತೃ2 + ತೃ3 + ತೃ4 + ತೃ5
ಬಿಡೋದು =~ ಬಿ1 + ಬಿ2 + ಬಿ3
ತೃಪ್ತಿ ~ ಒತ್ತಡ
ಬಿಡೋದು ~ ತೃಪ್ತಿ + ಒತ್ತಡ

ಮೊದಲ್ನೇ ಸಾಲನ್ನ "ಒತ್ತಡವನ್ನ ಒ1, ಒ2, ಒ3, ಒ4 ಅಳೀತವೆ" ಅಂತ ಓದಿ. ನಾಲ್ಕನೇದನ್ನ "ತೃಪ್ತಿ ಒತ್ತಡದ ಮೇಲೆ ನಿಂತಿದೆ" ಅಂತ ಓದಿ. ಅಮೋಸ್‌ನಿಂದ ಬಂದೋರು ಎಡವೋದು ಇಲ್ಲೇ. ಅಲ್ಲಿ ಬಾಣ ಒತ್ತಡದಿಂದ ಹೊರಟು ತೃಪ್ತಿಗೆ ಹೋಗುತ್ತೆ, ಅದೇ ಲೆಕ್ಕದಲ್ಲಿ ಇಲ್ಲೂ ಒತ್ತಡವನ್ನ ಮೊದ್ಲು ಬರ್ದುಬಿಡ್ತಾರೆ, ಆಗ ಸಂಬಂಧ ಉಲ್ಟಾ ಆಗುತ್ತೆ, ಎರರ್ ಕೂಡ ಬರಲ್ಲ, ರಿಸಲ್ಟ್ ಬಂದೇಬಿಡುತ್ತೆ, ಅದಕ್ಕೇ ಜಾಸ್ತಿ ಭಯ. ~ ಇರೋ ಸಾಲಲ್ಲಿ ಬಾಣದ ಮೂತಿ ಯಾರ ಕಡೆ ಇದೆಯೋ ಅವ್ರು ಎಡಗಡೆ, ಇದೊಂದು ನೆನಪಿಟ್ಕೊಳಿ. ~~ ಅಂದ್ರೆ ಎರಡೂ ಕಡೆ ಮೂತಿ ಇರೋ ಬಾಣ, ಕೋವೇರಿಯನ್ಸ್.

ಅಮೋಸ್‌ನಲ್ಲಿ ಪ್ರತಿ ಪ್ರಶ್ನೆಗೂ ಒಂದೊಂದು ಎರರ್ ಗೋಲ ಇಡ್ಬೇಕಿತ್ತಲ್ಲ, ಇಲ್ಲಿ ಬರೀಬೇಕಾಗಿಲ್ಲ, ಸೆಮ್ ಫಂಕ್ಷನ್ ತಾನೇ ಹಾಕ್ಕೊಳುತ್ತೆ. ಪ್ರತಿ ಗುಂಪಿನ ಮೊದಲ್ನೇ ಪ್ರಶ್ನೆಯ ಲೋಡಿಂಗನ್ನ (ಫ್ಯಾಕ್ಟರ್‌ಗೂ ಪ್ರಶ್ನೆಗೂ ಇರೋ ನಂಟಿನ ಅಂಕಿ) 1ಕ್ಕೆ ಕಟ್ಟಿಹಾಕುತ್ತೆ, ಔಟ್‌ಪುಟ್‌ನಲ್ಲಿ 1.000 ಇದ್ದು ಪಕ್ಕದಲ್ಲಿ ಸ್ಟ್ಯಾಂಡರ್ಡ್ ಎರರ್ ಖಾಲಿ ಇದ್ರೆ ಗಾಬರಿ ಆಗ್ಬೇಡಿ.

ಆದ್ರೆ ಇವತ್ತೇ ನಿಮ್ಮ ಡೇಟಾ ಮುಟ್ಬೇಡಿ. ಲವಾನ್ ಜೊತೆಗೇ ಹೋಲ್ಜಿಂಗರ್-ಸ್ವೈನ್‌ಫೋರ್ಡ್ 1939 ಅನ್ನೋ ಡೇಟಾ ಬರುತ್ತೆ, ಎರಡು ಸ್ಕೂಲಿನ 7, 8ನೇ ಕ್ಲಾಸ್ ಮಕ್ಕಳು 301 ಜನ, ಒಂಬತ್ತು ಟೆಸ್ಟು. ಅದಕ್ಕೆ ಮೂರು ಫ್ಯಾಕ್ಟರ್ ಸಿಎಫ್‌ಎ, ಅಂದ್ರೆ =~ ಸಾಲುಗಳಷ್ಟೇ ಇರೋ ಮಾಡೆಲ್, ಬರ್ದು ಓಡಿಸಿ. ಕೈ ಸ್ಕ್ವೇರ್ 85.306, ಡಿಗ್ರೀಸ್ ಆಫ್ ಫ್ರೀಡಂ 24, ಸಿಎಫ್‌ಐ 0.931, ಆರ್‌ಎಂಎಸ್‌ಇಎ 0.092 ಬರ್ಬೇಕು (ಕೊನೇ ಎರಡು ಮಾಡೆಲ್ ಡೇಟಾಗೆ ಎಷ್ಟು ಹೊಂದುತ್ತೆ ಅಂತ ಹೇಳೋ ಅಂಕಿ). ಬಂತು ಅಂದ್ರೆ ನಿಮ್ಮ ಇನ್‌ಸ್ಟಾಲ್ ಸರಿ ಇದೆ, ನಿಮ್ಮ ಬೆರಳೂ ಸರಿ ಇದೆ.

ಆ 24 ಎಲ್ಲಿಂದ ಬಂತು ಅಂತ ಒಂದ್ಸಲ ಪೇಪರ್ ಮೇಲೆ ಹಾಕಿ ನೋಡಿ. ಒಂಬತ್ತು ವೇರಿಯಬಲ್ ಅಂದ್ರೆ 9ನ್ನ 10ರಿಂದ ಗುಣಿಸಿ ಎರಡರಿಂದ ಭಾಗಿಸಿದ್ರೆ 45, ಇದು ನಮ್ಮ ಕೈಯಲ್ಲಿರೋ ಮಾಹಿತಿ. ಖರ್ಚು: ಲೋಡಿಂಗ್ 6, ಎರರ್ ವೇರಿಯನ್ಸ್ 9, ಫ್ಯಾಕ್ಟರ್ ವೇರಿಯನ್ಸ್ 3, ಫ್ಯಾಕ್ಟರ್‌ಗಳ ನಡುವೆ ಕೋವೇರಿಯನ್ಸ್ 3, ಒಟ್ಟು 21. ಕಳೆದ್ರೆ 24. ಯಾವ ಮಾಡೆಲ್ ಆದ್ರೂ ಓಡಿಸೋಕೆ ಮುಂಚೆ ಈ ಲೆಕ್ಕ ಹಾಕೋದು ರೂಢಿ ಮಾಡ್ಕೊಳಿ, ನಾನು ಯಾರಿಗೇ ಹೇಳ್ಕೊಟ್ರೂ ಮೊದ್ಲು ಹೇಳೋದು ಇದನ್ನೇ. ನೀವು ಮನಸ್ಸಲ್ಲಿ ಇಟ್ಕೊಂಡ ಮಾಡೆಲ್ಲೂ ಕಂಪ್ಯೂಟರ್‌ಗೆ ಅರ್ಥ ಆದ ಮಾಡೆಲ್ಲೂ ಒಂದೇನಾ ಅಂತ ಹೇಳೋಕೆ ಇದಕ್ಕಿಂತ ಸುಲಭದ ದಾರಿ ನಂಗೆ ಗೊತ್ತಿಲ್ಲ.

ಗಂಡಕ_ನದಿ:

ಮೇಲಿನವ್ರು ಚೆನ್ನಾಗ್ ಹೇಳಿದಾರೆ. ನಾನು ಎಂಪ್ಲಸ್ ಅನ್ನೋ ಇಂಥದ್ದೇ ಸಾಫ್ಟ್‌ವೇರ್ ಬಳಸೋನು, ಅದ್ರಲ್ಲಿ ಚಿಹ್ನೆ ಬದ್ಲು ಬೈ, ಆನ್, ವಿತ್ ಅನ್ನೋ ಮಾತುಗಳಿವೆ. =~ ಜಾಗದಲ್ಲಿ ಬೈ, ~ ಜಾಗದಲ್ಲಿ ಆನ್, ~~ ಜಾಗದಲ್ಲಿ ವಿತ್, ಸಾಲಿನ ಕೊನೆಗೆ ಸೆಮಿಕೋಲನ್. ಕೂಡು_ಕಳೆ ಅವ್ರು "ಮೇಲೆ ನಿಂತಿದೆ" ಅಂದ್ರಲ್ಲ, ಅದೇ ಆನ್. ಹಳೇ ಪೇಪರ್‌ಗಳಲ್ಲಿ ಎಂಪ್ಲಸ್ ಕೋಡ್ ಸಿಕ್ರೆ ಹಿಂಗೆ ಸಾಲಿಗೆ ಸಾಲು ಬದಲಾಯಿಸ್ಕೊಂಡು ಓದ್ಬೋದು. ಹಿಂದೆ ಲಿಸ್ರೆಲ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಗ್ರೀಕ್ ಅಕ್ಷರದ ಮ್ಯಾಟ್ರಿಕ್ಸ್ ಎಲ್ಲಾ ತುಂಬ್ಬೇಕಿತ್ತು, ಅದಕ್ಕೆ ಹೋಲಿಸಿದ್ರೆ ನಿಮ್ಮದು ಸರಾಗ. ಲವಾನ್ ಮಾಡಿದವ್ರು ಬೆಲ್ಜಿಯಂನ ಗೆಂಟ್ ಯೂನಿವರ್ಸಿಟಿಯ ಈವ್ ರೋಸೀಲ್, 2012ರಲ್ಲಿ ಜರ್ನಲ್ ಆಫ್ ಸ್ಟ್ಯಾಟಿಸ್ಟಿಕಲ್ ಸಾಫ್ಟ್‌ವೇರ್‌ನಲ್ಲಿ ಅದ್ರ ಬಗ್ಗೆ ಅವ್ರ ಲೇಖನ ಬಂದಿದೆ, ಥೀಸಿಸ್‌ನಲ್ಲಿ ಅದನ್ನ ಸೈಟ್ ಮಾಡೋದು ಮರೀಬೇಡಿ.

ಸಹ್ಯಾದ್ರಿ_ಓದುಗಿ:

ಇಬ್ರಿಗೂ ತುಂಬಾ ಥ್ಯಾಂಕ್ಸ್. 85.306 ಬಂತು!! ನಿನ್ನೆ ರಾತ್ರಿ ಹತ್ತೂವರೆಗೆ ಅದನ್ನ ನೋಡಿ ಎಷ್ಟ್ ಖುಷಿ ಆಯ್ತು ಅಂದ್ರೆ ಅಮ್ಮನ್ನ ಕರ್ದು ತೋರ್ಸಿದೆ. ಎರರ್ ಆ ಬಾಗಿದ ಮಾರ್ಕ್‌ದೇ.

ಆಮೇಲೆ ನನ್ನ ಡೇಟಾ ಹಾಕ್ದೆ. ಮೊದ್ಲು ವೇರಿಯಬಲ್ ಸಿಗ್ತಿಲ್ಲ ಅಂತು, ಎಕ್ಸೆಲ್‌ನಲ್ಲಿ ಹೆಸರಿನ ಮಧ್ಯೆ ಜಾಗ ಬಿಟ್ಟಿದ್ದೆ, ಆರ್ ಅಲ್ಲಿ ಚುಕ್ಕಿ ಹಾಕ್ಕೊಂಡಿತ್ತು, ನೇಮ್ಸ್ ಅಂತ ಕೊಟ್ಟು ನೋಡಿ ಸರಿ ಮಾಡ್ದೆ. ನಂತರ ಓಡ್ತು. ಆದ್ರೆ ಲೆಕ್ಕ ತಾಳೆ ಆಗ್ತಿಲ್ಲ. 12 ಪ್ರಶ್ನೆ, 12 ಇಂಟು 13 ಭಾಗ 2, 78. ಲೋಡಿಂಗ್ 9, ಎರರ್ 12, ಒತ್ತಡದ ವೇರಿಯನ್ಸ್ ಒಂದು, ಉಳಿದೆರಡರ ಉಳಿಕೆ ವೇರಿಯನ್ಸ್ ಎರಡು, ರಿಗ್ರೆಶನ್ 3, ಒಟ್ಟು 27. 51 ಬರ್ಬೇಕು, 52 ಬರ್ತಿದೆ. ಮೂರು ಸಲ ಕೂಡಿದೆ. ಮೀಡಿಯೇಶನ್ (ಒತ್ತಡ ತೃಪ್ತಿಯ ಮೂಲಕ ಬಿಡೋ ಯೋಚನೆಗೆ ಹೋಗೋ ದಾರಿ) ಬೇಕು ಅಂತ ಒಂದು ಉದಾಹರಣೆ ನೋಡಿ ಕೊನೇ ಸಾಲುಗಳನ್ನ ಹಿಂಗೆ ಬರ್ದಿದೀನಿ:

ತೃಪ್ತಿ ~ ಎ\*ಒತ್ತಡ
ಬಿಡೋದು ~ ಬಿ\*ತೃಪ್ತಿ + ಎ\*ಒತ್ತಡ
ಇನ್‌ಡೈರೆಕ್ಟ್ := ಎ\*ಬಿ

ಕೂಡು_ಕಳೆ:

ಮೇಡಂ, ನಿಮ್ಮ ಕೂಡೋದು ಸರಿ ಇದೆ, ತಪ್ಪಿರೋದು ಎರಡನೇ ಸಾಲಲ್ಲಿ. ಎ ಅನ್ನೋ ಲೇಬಲ್ಲನ್ನ ಎರಡು ಕಡೆ ಹಾಕಿದೀರ. ಲವಾನ್‌ನಲ್ಲಿ ಒಂದೇ ಲೇಬಲ್ ಎರಡು ಕಡೆ ಇದ್ರೆ ಅವೆರಡೂ ಸಮ ಇರ್ಲೇಬೇಕು ಅಂತ ನೀವೇ ಅಪ್ಪಣೆ ಕೊಟ್ಟಂಗೆ. ಅಂದ್ರೆ ಒತ್ತಡ ತೃಪ್ತಿಯನ್ನ ಎಷ್ಟು ಬದಲಾಯಿಸುತ್ತೋ ಬಿಡೋ ಯೋಚನೆಯನ್ನೂ ಅಷ್ಟೇ, ಅದೇ ದಿಕ್ಕಲ್ಲಿ ಬದಲಾಯಿಸ್ಬೇಕು ಅಂತ ಹೇಳಿದೀರ. ಒತ್ತಡ ಜಾಸ್ತಿ ಆದ್ರೆ ತೃಪ್ತಿ ಇಳಿಯುತ್ತೆ, ಬಿಡೋ ಯೋಚನೆ ಏರುತ್ತೆ ಅನ್ನೋದು ತಾನೇ ನಿಮ್ಮ ಹೈಪಾಥೆಸಿಸ್, ಒಂದೇ ಸಂಖ್ಯೆ ಎರಡಕ್ಕೂ ಹೆಂಗೆ ಹೊಂದುತ್ತೆ ಹೇಳಿ. ಒಂದು ಪ್ಯಾರಾಮೀಟರ್ ಕಮ್ಮಿ ಆಯ್ತು, ಅದಕ್ಕೇ 52. ಎರಡನೇ ಸಾಲಿನ ಎ ತೆಗ್ದು ಸಿ ಹಾಕಿ. ಇದಕ್ಕೆ ಎರರ್ ಬರಲ್ಲ, ಯಾಕಂದ್ರೆ ಬೇಕಂತಲೇ ಹಂಗೆ ಬರೆಯೋರೂ ಇದಾರೆ. ನೀವು ಲೆಕ್ಕ ಹಾಕದೇ ಇದ್ದಿದ್ರೆ ಇದು ಸೀದಾ ಥೀಸಿಸ್ ಒಳಗೆ ಹೋಗ್ತಿತ್ತು. ನಿಜವಾಗ್ಲೂ ಶಹಬ್ಬಾಸ್.

ನೀಲಗಿರಿ_ಚಹಾ:

ಮೇಡಂ ಒಂದು ಮಾತು ಸೇರಿಸ್ತೀನಿ, ಯಾರೂ ಹೇಳ್ಲಿಲ್ಲ. ಐದು ಪಾಯಿಂಟ್ ಲೈಕರ್ಟ್ ಅಂದ್ರಿ. ಸುಮ್ನೆ ಓಡಿಸಿದ್ರೆ ಲವಾನ್ ಅವನ್ನ ಮಾಮೂಲಿ ಅಂಕಿ ಅಂತ ತಿಳ್ಕೊಂಡು ಮ್ಯಾಕ್ಸಿಮಮ್ ಲೈಕ್ಲಿಹುಡ್ ಹಾಕುತ್ತೆ. ಟೀಚರ್ಸ್ ಬಹಳಷ್ಟು ಜನ 4, 5ಕ್ಕೇ ಟಿಕ್ ಹಾಕಿದ್ರೆ ಅದು ಸರಿ ಹೋಗಲ್ಲ. ಆರ್ಡರ್ಡ್ ಅನ್ನೋ ಆಪ್ಷನ್‌ನಲ್ಲಿ ಆ 12 ಹೆಸರು ಕೊಡಿ, ಆಗ ಇಂಥ ಉತ್ತರಗಳಿಗೇ ಇರೋ ಡಬ್ಲ್ಯುಎಲ್‌ಎಸ್‌ಎಂವಿ ಅನ್ನೋ ವಿಧಾನಕ್ಕೆ ಹೋಗುತ್ತೆ, ಔಟ್‌ಪುಟ್‌ನಲ್ಲಿ ಥ್ರೆಶೋಲ್ಡ್ (ಒಂದು ಉತ್ತರ ಮುಗ್ದು ಮುಂದಿನದು ಶುರುವಾಗೋ ಗಡಿ) ಅಂತ ಹೊಸ ಭಾಗ ಬರುತ್ತೆ. ಮೊದ್ಲು ಪ್ರತಿ ಪ್ರಶ್ನೆಗೂ ಟೇಬಲ್ ಹಾಕಿ ಎಷ್ಟು ಜನ ಯಾವುದಕ್ಕೆ ಟಿಕ್ ಹಾಕಿದಾರೆ ನೋಡಿ. ಯಾವ್ದಾದ್ರೂ ಉತ್ತರಕ್ಕೆ ಬೆರಳೆಣಿಕೆ ಜನ ಇದ್ರೆ ಅಲ್ಲಿ ತೊಂದ್ರೆ ಕೊಡುತ್ತೆ. ಮತ್ತೆ ಖಾಲಿ ಬಿಟ್ಟ ಉತ್ತರ ಇದ್ರೆ ಲವಾನ್ ಏನೂ ಹೇಳ್ದಿದ್ರೆ ಆ ಇಡೀ ಸಾಲನ್ನೇ ಬಿಟ್ಟುಬಿಡುತ್ತೆ, ಔಟ್‌ಪುಟ್ ಮೇಲ್ಗಡೆ ಎಷ್ಟು ಜನರನ್ನ ತಗೊಂಡಿದೆ ಅಂತ ಇರುತ್ತೆ, ಅದನ್ನ ನೋಡ್ದೇ ಮುಂದಕ್ಕೆ ಹೋಗ್ಬೇಡಿ.

ಸಹ್ಯಾದ್ರಿ_ಓದುಗಿ:

ಸಿ ಹಾಕ್ದೆ, 51 ಬಂತು. ಎ ಮೈನಸ್, ಸಿ ಪ್ಲಸ್, ಎರಡೂ ಬೇರೆ ಬೇರೆ ದಿಕ್ಕು, ಈಗ ಅರ್ಥ ಆಯ್ತು. ಟೇಬಲ್ ನೋಡ್ದೆ ಸರ್, ತೃಪ್ತಿಯ ಎರಡು ಪ್ರಶ್ನೆಗೆ 1 ಅಂತ ಟಿಕ್ ಹಾಕಿದವ್ರು ತೀರಾ ಕಮ್ಮಿ ಜನ, ಅದನ್ನ ಗೈಡ್ ಹತ್ರ ಮಾತಾಡ್ಬೇಕು. ಆರ್ಡರ್ಡ್ ಹಾಕಿನೂ ಓಡಿಸ್ದೆ, ಥ್ರೆಶೋಲ್ಡ್ ರಾಶಿ ಬಂತು, ಆದ್ರೆ ಆಗ್ಲೂ 51! ಅಷ್ಟೊಂದು ಹೊಸ ಸಂಖ್ಯೆ ಸೇರಿದ್ರೂ ಅದೇ ಯಾಕೆ?

ಕೂಡು_ಕಳೆ:

ಥ್ರೆಶೋಲ್ಡ್ ಡೇಟಾದಲ್ಲಿ ಎಷ್ಟಿವೆಯೋ ಮಾಡೆಲಲ್ಲೂ ಅಷ್ಟೇ, ಬಂದಷ್ಟೇ ಖರ್ಚು, ಲೆಕ್ಕಕ್ಕೆ ಬರಲ್ಲ. ಉಳಿಯೋದು 12 ಪ್ರಶ್ನೆಗಳ ನಡುವಿನ ಕೋರಿಲೇಶನ್, 66. ಎರರ್ ವೇರಿಯನ್ಸ್ 12 ಈಗ ಬಿಡಿಯಾಗಿ ಅಂದಾಜು ಆಗಲ್ಲ, ಹಂಗಾಗಿ ಖರ್ಚಲ್ಲಿ ಲೋಡಿಂಗ್ 9, ವೇರಿಯನ್ಸ್ 3, ರಿಗ್ರೆಶನ್ 3, ಒಟ್ಟು 15. 66ರಲ್ಲಿ 15 ಹೋದ್ರೆ 51.